ಮಂಪರು ಔಷಧ ಕುಡಿಸಿ ಒಂದೂವರೆ ಗಂಟೆ ಕಾಯಿಸಿದರು, ಇದು ಸರಿಯೇ?

ಪುಟ್ಟನ ಅಮ್ಮ
ನನ್ನ ಮಗನಿಗೆ ನಾಲ್ಕು ವರ್ಷ. ಹೋದ ತಿಂಗಳು ಬಲಗಡೆಯ ಹರ್ನಿಯಾಗೆ ಶಸ್ತ್ರಚಿಕಿತ್ಸೆ ಆಯಿತು. ಆಪರೇಷನ್ ಚೆನ್ನಾಗಿಯೇ ಆಯಿತು, ಅದರ ಬಗ್ಗೆ ತಕರಾರಿಲ್ಲ. ತಕರಾರು ಇರುವುದು ಅದಕ್ಕೆ ಮೊದಲಿನ ಒಂದೂವರೆ ಗಂಟೆಯ ಬಗ್ಗೆ.

ಬೆಳಿಗ್ಗೆ 8.20ಕ್ಕೆ ಸಿಸ್ಟರ್ ಬಂದು ಸೂಜಿಯಿಲ್ಲದ ಸಿರಿಂಜಿನಿಂದ ಸಿರಪ್ ಕುಡಿಸಿದರು. "ಇನ್ನೇನು ಕರೆಯುತ್ತಾರೆ" ಎಂದರು. ಇಪ್ಪತ್ತು ನಿಮಿಷಕ್ಕೆ ಹುಡುಗ ಬೇರೆಯೇ ಲೋಕದಲ್ಲಿದ್ದ. ಗೋಡೆಯ ಗಡಿಯಾರಕ್ಕೆ ಟಾಟಾ ಮಾಡಿದ, ನನ್ನ ಮೂಗು ಹಿಡಿದು "ಅಮ್ಮಾ, ನಿನಗೆ ಎರಡು ಮೂಗು" ಎಂದು ಬಿದ್ದು ಬಿದ್ದು ನಕ್ಕ. ಆಗ ಕರೆದಿದ್ದರೆ ಯಾರು ಕೈ ಚಾಚಿದರೂ ಹೋಗಿಬಿಡುತ್ತಿದ್ದ. ಆದರೆ ಕರೆಯಲಿಲ್ಲ. ಹಿಂದಿನ ಕೇಸ್ ಮುಗಿದಿಲ್ಲವಂತೆ. ಸ್ಟ್ರೆಚರ್ ಬಂದದ್ದು 9.50ಕ್ಕೆ. ಅಷ್ಟರಲ್ಲಿ ಮಂಪರು ಇಳಿದಿತ್ತು, ಹಸಿವು ಏರಿತ್ತು, ಸಿಟ್ಟು ನೆತ್ತಿಯಲ್ಲಿತ್ತು. ನನ್ನ ಕುತ್ತಿಗೆಗೆ ಬಿಗಿದುಕೊಂಡ ಕೈ ಬಿಡಿಸಲು ಇಬ್ಬರು ಬೇಕಾದರು. ಬಾಗಿಲು ಮುಚ್ಚಿದ ಮೇಲೂ ಕೂಗು ಕೇಳಿಸುತ್ತಿತ್ತು.

ಈಗ ಎಡಗಡೆಯೂ ಹರ್ನಿಯಾ ಇದೆ, ಅದನ್ನೂ ಮಾಡಿಸಬೇಕು ಎನ್ನುತ್ತಿದ್ದಾರೆ. ಈ ಔಷಧವನ್ನು ಎಷ್ಟು ಹೊತ್ತು ಮುಂಚೆ ಕೊಡಬೇಕು? ಈ ಬಗ್ಗೆ ನಾನು ಬಾಯಿ ಬಿಟ್ಟು ಕೇಳಬಹುದೇ, ಇಲ್ಲ "ಡಾಕ್ಟರ್ ನೀವೋ ನಾವೋ" ಎನ್ನಿಸಿಕೊಳ್ಳಬೇಕೇ?

ಮೂರು ಮಕ್ಕಳ ತಂದೆ
ನಮ್ಮದು ಇದಕ್ಕೆ ತದ್ವಿರುದ್ಧ. ಔಷಧ ಗಂಟಲಿನಿಂದ ಕೆಳಗಿಳಿಯುವ ಮೊದಲೇ ಟ್ರಾಲಿ ಬಂದು ನಿಂತಿತ್ತು. ಐದೇ ನಿಮಿಷ! ಮಗಳು ಪೂರ್ತಿ ಎಚ್ಚರದಲ್ಲೇ ಕಿರುಚುತ್ತಾ ಹೋದಳು. ಕಿವಿಗೆ ಗ್ರೊಮೆಟ್ ಎಂಬ ಪುಟ್ಟ ಕೊಳವೆ ಹಾಕುವ ಕೆಲಸ, ಕಾಲು ಗಂಟೆಯಲ್ಲಿ ಮುಗಿಯಿತು. ಆಮೇಲೆ ಎರಡು ಗಂಟೆ ಕಣ್ಣೇ ತೆರೆಯಲಿಲ್ಲ. ಬೇಕಾದಾಗ ಕೆಲಸ ಮಾಡದ ಔಷಧ ಬೇಡವಾದಾಗ ಮಾಡಿತು.

ಸಂಶಯಪ್ಪ
ಮೊದಲಿಗೆ, ಅಷ್ಟು ಚಿಕ್ಕ ಮಗುವಿಗೆ ಆ ಮಂಪರು ಔಷಧವಾದರೂ ಏಕೆ? ಒಳಗೆ ಹೋದ ಮೇಲೆ ಹೇಗೂ ನಿದ್ದೆ ಬರಿಸುತ್ತಾರೆ. ಹತ್ತು ನಿಮಿಷ ಅತ್ತರೆ ಏನು ಗಂಟು ಹೋಗುತ್ತದೆ? ಮಕ್ಕಳೆಂದರೆ ಅಳುವವರೇ.

ಹಳೆಯ ರೋಗಿ
ಸಂಶಯಪ್ಪನವರೇ, ನನಗೀಗ ಅರವತ್ತು ದಾಟಿದೆ. ಐದನೇ ವಯಸ್ಸಿನಲ್ಲಿ ಟಾನ್ಸಿಲ್ ತೆಗೆಸಿದರು. ಕೈಗೊಬ್ಬರು ಕಾಲಿಗೊಬ್ಬರು ಹಿಡಿದು, ಕಪ್ಪು ರಬ್ಬರಿನ ಮಾಸ್ಕನ್ನು ಮುಖಕ್ಕೆ ಒತ್ತಿದರು. ಈಥರ್ ವಾಸನೆ. ಇವತ್ತಿಗೂ ಹೊಸ ಟೈರಿನ ಅಂಗಡಿಯ ಮುಂದೆ ನಡೆದರೆ ಹೊಟ್ಟೆ ತೊಳಸುತ್ತದೆ. ಗಂಟು ಹೋಗುವುದಿಲ್ಲ, ನಿಜ. ಬೇರೇನೋ ಉಳಿದುಬಿಡುತ್ತದೆ.

ನಿದ್ದೆ ಡಾಕ್ಟರು
ನಾನು ಅರಿವಳಿಕೆ ತಜ್ಞ. ಮಕ್ಕಳ ಕೇಸುಗಳೇ ಹೆಚ್ಚು. ಪುಟ್ಟನ ಅಮ್ಮನವರೇ, ಖಂಡಿತ ಕೇಳಿ. ಕೇಳಿದ್ದಕ್ಕೆ ಸಿಡಿಮಿಡಿಗೊಳ್ಳುವವರು ಸಿಕ್ಕರೆ ಇನ್ನೊಮ್ಮೆ ಕೇಳಿ.

ನಿಮ್ಮ ಮಗನಿಗೆ ಕೊಟ್ಟದ್ದು ಬಹುಮಟ್ಟಿಗೆ ಮಿಡಜೋಲಾಮ್ ಇರಬೇಕು. ಆ "ಎರಡು ಮೂಗು" ಅದರದೇ ಗುರುತು, ಕೆಲವು ಮಕ್ಕಳಿಗೆ ಅದರಿಂದ ಎಲ್ಲವೂ ಜೋಡಿಯಾಗಿ ಕಾಣಿಸುತ್ತದೆ. ಬಾಯಿಯ ಮೂಲಕ ಕೊಟ್ಟರೆ ಹತ್ತು ಹದಿನೈದು ನಿಮಿಷಕ್ಕೆ ಪರಿಣಾಮ ಶುರು, 20ರಿಂದ 30 ನಿಮಿಷಕ್ಕೆ ತುತ್ತತುದಿ, 45 ನಿಮಿಷ ದಾಟಿದ ಮೇಲೆ ಇಳಿಜಾರು. ಮಗುವನ್ನು ತಾಯಿಯ ಕೈಯಿಂದ ಎತ್ತಿಕೊಳ್ಳಬೇಕಾದದ್ದು ಆ ತುದಿಯಲ್ಲಿ. ನಿಮ್ಮ ಮಗ ತೊಂಬತ್ತನೇ ನಿಮಿಷದಲ್ಲಿ ಹೋದ. ಮೂರು ಮಕ್ಕಳ ತಂದೆಯವರ ಮಗಳು ಐದನೆಯದರಲ್ಲಿ ಹೋದಳು. ಇಬ್ಬರಿಗೂ ಔಷಧ ಕೊಟ್ಟ ಹಾಗೂ ಆಯಿತು, ಕೊಡದ ಹಾಗೂ ಆಯಿತು.

ಆ ಹುಡುಗಿ ಎರಡು ಗಂಟೆ ಮಲಗಿದ್ದರಲ್ಲಿ ಆಶ್ಚರ್ಯವಿಲ್ಲ. ಔಷಧ ತುದಿ ಮುಟ್ಟುವ ಹೊತ್ತಿಗೆ ಕಾಲು ಗಂಟೆಯ ಆಪರೇಷನ್ ಮುಗಿದೇ ಹೋಗಿತ್ತು. ಅಷ್ಟು ಚಿಕ್ಕ ಕೆಲಸಕ್ಕೆ ನಾನು ಎಷ್ಟೋ ಸಲ ಇದನ್ನು ಕೊಡುವುದೇ ಇಲ್ಲ.

ಸಂಶಯಪ್ಪನವರೇ, ಪ್ರಶ್ನೆ ಒಳ್ಳೆಯದೇ. ಎಲ್ಲ ಮಕ್ಕಳಿಗೂ ಬೇಕಾಗಿಲ್ಲ. ಆರು ತಿಂಗಳೊಳಗಿನ ಕೂಸು ಯಾರು ಎತ್ತಿಕೊಂಡರೂ ಸುಮ್ಮನಿರುತ್ತದೆ. ಎಂಟು ಹತ್ತು ವರ್ಷದವರಿಗೆ ಮಾತಿನಲ್ಲಿ ಹೇಳಿ ಒಪ್ಪಿಸಬಹುದು. ತೊಂದರೆ ನಡುವಿನವರದು, ಅದರಲ್ಲೂ ಒಂದರಿಂದ ಐದು ವರ್ಷದವರದು. ಇವರಿಗೆ ಅಮ್ಮ ಬೇಕೆಂದು ಗೊತ್ತು, ಆಪರೇಷನ್ ಏಕೆಂದು ಗೊತ್ತಿಲ್ಲ. ಅತ್ತು ಅತ್ತು ಮಾಸ್ಕಿಗೆ ಹೋದ ಮಗುವಿನ ಗಂಟಲಲ್ಲಿ ಜೊಲ್ಲು ತುಂಬಿರುತ್ತದೆ, ಉಸಿರು ಏರುಪೇರಾಗಿರುತ್ತದೆ. ನಿದ್ದೆ ಬರಿಸುವ ಕೆಲಸವೂ ಕಷ್ಟ. ಮನೆಗೆ ಹೋದ ಮೇಲೆ ಹಾಸಿಗೆ ಒದ್ದೆ ಮಾಡುವುದು, ರಾತ್ರಿ ಬೆಚ್ಚುವುದು ಕೆಲವು ದಿನ ಇರಬಹುದು.

ವಾರ್ಡ್ ಸಿಸ್ಟರ್
ಡಾಕ್ಟರು ಹೇಳಿದ್ದೆಲ್ಲ ಪುಸ್ತಕದಲ್ಲಿ ಸರಿ. ಈಗ ವಾರ್ಡಿನ ಕಥೆ ಕೇಳಿ.

ಕೇಸ್ ಶೀಟಿನಲ್ಲಿ "8 ಗಂಟೆಗೆ ಕೊಡಿ" ಎಂದು ಬರೆದಿರುತ್ತದೆ. ಬರೆದವರು ನೀವೇ, ಹಿಂದಿನ ದಿನ ಸಂಜೆ. ನಾನು 8 ಗಂಟೆಗೆ ಕೊಡದಿದ್ದರೆ ತಪ್ಪು ನನ್ನದು. ಕೊಟ್ಟ ಮೇಲೆ ಥಿಯೇಟರ್ ತಡವಾದರೆ ಆ ತಪ್ಪು ಯಾರದೂ ಅಲ್ಲ! ಮಗು ಥಿಯೇಟರಿಗೆ ಐದು ನಿಮಿಷ ತಡವಾಗಿ ತಲುಪಿದರೆ ಹತ್ತು ಫೋನ್ ಬರುತ್ತವೆ, ಔಷಧ ಒಂದು ಗಂಟೆ ಬೇಗ ಆದರೆ ಒಂದೂ ಬರುವುದಿಲ್ಲ.

ಇನ್ನೊಂದು. ಔಷಧ ಕೊಟ್ಟ ಮಗುವನ್ನು ಬಿಟ್ಟು ಕದಲುವ ಹಾಗಿಲ್ಲ. ಮಂಚದಿಂದ ಇಳಿದು ಓಡಲು ಹೋಗುತ್ತದೆ, ಕಾಲು ನಿಲ್ಲುವುದಿಲ್ಲ, ಮುಗ್ಗರಿಸುತ್ತದೆ. ನನ್ನ ಪಾಳಿಯಲ್ಲಿ ಹನ್ನೆರಡು ಮಕ್ಕಳಿದ್ದ ದಿನ ಇಬ್ಬರು ಹೀಗೆ ತೇಲುತ್ತಾ ಕಾಯುತ್ತಿದ್ದರೆ ಮಿಕ್ಕ ಹತ್ತು ಮಕ್ಕಳನ್ನು ನೋಡುವವರು ಯಾರು?

ನಿದ್ದೆ ಡಾಕ್ಟರು
ಒಪ್ಪಿದೆ ಸಿಸ್ಟರ್. "8 ಗಂಟೆಗೆ" ಎಂದು ನಾನೂ ಎಷ್ಟೋ ವರ್ಷ ಬರೆದವನೇ. ಪಟ್ಟಿಯಲ್ಲಿ ಎರಡನೆಯ, ಮೂರನೆಯ ಮಗುವಿಗೆ ಗಡಿಯಾರದ ಹೊತ್ತು ಬರೆಯುವುದು ಜ್ಯೋತಿಷ್ಯ ಹೇಳಿದ ಹಾಗೆ. ಈಗ "ಕರೆದಾಗ ಕೊಡಿ" ಎಂದು ಬರೆಯುತ್ತೇನೆ. ಹಿಂದಿನ ಕೇಸಿಗೆ ಹೊಲಿಗೆ ಹಾಕಲು ಶುರು ಮಾಡಿದಾಗ ವಾರ್ಡಿಗೆ ಮೊದಲ ಫೋನ್, ಔಷಧ ಕೊಡಲು. ಆ ಮಗುವನ್ನು ಎಬ್ಬಿಸಿ, ಥಿಯೇಟರ್ ಒರೆಸಿ ಸಜ್ಜು ಮಾಡುವ ಹೊತ್ತಿಗೆ ಎರಡನೆಯ ಫೋನ್, ಮಗುವನ್ನು ಕಳಿಸಲು. ನಡುವಿನ ಅಂತರ ತಾನಾಗಿಯೇ 20–30 ನಿಮಿಷ ಆಗುತ್ತದೆ.

ವಾರ್ಡ್ ಸಿಸ್ಟರ್
ಆ ಮೊದಲ ಫೋನ್ ಮಾಡುವವರು ಯಾರು? ನೀವು ಮಗುವಿನ ಉಸಿರಾಟದ ಮೇಲೆ ಕಣ್ಣಿಟ್ಟಿರುತ್ತೀರಿ, ಸರ್ಜನ್ ಕೈ ಹೊಲಿಗೆಯಲ್ಲಿ. ನಮ್ಮಲ್ಲಿ ಬರುವುದು ಒಂದೇ ಫೋನ್, ಅದೂ ಎರಡನೆಯದು.

ನಿದ್ದೆ ಡಾಕ್ಟರು
ಥಿಯೇಟರ್ ಸಿಸ್ಟರಿಗೆ ಹೇಳಿಟ್ಟಿರುತ್ತೇನೆ. ಮರೆಯುವುದೂ ಉಂಟು. ಥಿಯೇಟರ್ ಪಕ್ಕದಲ್ಲೇ ಕಾಯುವ ಕೋಣೆ ಇದ್ದರೆ ಈ ತಲೆನೋವಿಲ್ಲ, ಅಲ್ಲಿಗೆ ಮಗುವನ್ನೂ ತಾಯಿಯನ್ನೂ ಕರೆಸಿಕೊಂಡು ಕಣ್ಣೆದುರೇ ಕೊಡುತ್ತೇವೆ. ಬೆರಳಿಗೆ ಪಲ್ಸ್ ಆಕ್ಸಿಮೀಟರ್ ಹಾಕಿರುತ್ತದೆ, ಆಮ್ಲಜನಕ ಕೈಗೆ ಸಿಗುವ ಹಾಗಿರುತ್ತದೆ.

ಅವಳಿಗಳ ತಾಯಿ
ಒಂದು ದಡ್ಡ ಪ್ರಶ್ನೆ. ಆಸ್ಪತ್ರೆ ತಲುಪಲು ನಮಗೆ ಅರ್ಧ ಗಂಟೆ ಬೇಕು. ಹೊರಡುವಾಗ ಮನೆಯಲ್ಲೇ ಕುಡಿಸಿದರೆ ಸರಿಯಾಗಿ ಹೊಂದುತ್ತದಲ್ಲವೇ?

ವಾರ್ಡ್ ಸಿಸ್ಟರ್
ಬೇಡ. ಬೇಡವೇ ಬೇಡ.

ನಿದ್ದೆ ಡಾಕ್ಟರು
ಸಿಸ್ಟರಿಗೂ ನನಗೂ ಜಗಳವಿಲ್ಲದ ವಿಷಯ ಇದೊಂದೇ. ಕಾರಿನ ಸೀಟಿನಲ್ಲಿ ಮಂಪರು ಹತ್ತಿದ ಮಗುವಿನ ತಲೆ ಮುಂದಕ್ಕೆ ಬಾಗುತ್ತದೆ, ಗದ್ದ ಎದೆಗೆ ತಾಗಿ ಶ್ವಾಸನಾಳ ಮಡಿಚಿಕೊಳ್ಳುತ್ತದೆ. ಮುಂದೆ ಕುಳಿತವರು "ಪಾಪ, ಮಲಗಿದೆ" ಎಂದುಕೊಳ್ಳುತ್ತಾರೆ. ಹೀಗೆ ಜೀವ ಹೋದದ್ದೂ ಇದೆ. ಮಂಪರು ಔಷಧವನ್ನು ಮಗುವನ್ನು ನೋಡಿಕೊಳ್ಳಬಲ್ಲವರು, ಉಸಿರು ನಿಂತರೆ ಉಸಿರು ಕೊಡಬಲ್ಲವರು ಇರುವ ಜಾಗದಲ್ಲೇ ಕೊಡಬೇಕು. ಮನೆಯಲ್ಲಿ ಶೀತಕ್ಕೆಂದು ತಂದಿಟ್ಟ ನಿದ್ದೆ ಬರಿಸುವ ಸಿರಪ್ಪೂ ಬೇಡ. ಪ್ರೊಮೆಥಜಿನ್ ಇರುವ ಸಿರಪ್ಪುಗಳನ್ನಂತೂ ಎರಡು ವರ್ಷದ ಒಳಗಿನ ಮಕ್ಕಳಿಗೆ ಕೊಡಲೇಬಾರದು, ಉಸಿರಾಟಕ್ಕೇ ಕುತ್ತು.

ಮಾತ್ರೆ ಲೆಕ್ಕ
ನಾನು ಫಾರ್ಮಸಿಸ್ಟ್. ಗಡಿಯಾರದ ಲೆಕ್ಕ ಔಷಧಕ್ಕೆ ತಕ್ಕಂತೆ, ಕೊಡುವ ದಾರಿಗೆ ತಕ್ಕಂತೆ ಬದಲಾಗುತ್ತದೆ. ಮಿಡಜೋಲಾಮ್ ಅನ್ನೇ ಮೂಗಿಗೆ ಸಿಂಪಡಿಸಿದರೆ ಐದು ಹತ್ತು ನಿಮಿಷ ಸಾಕು, ಆದರೆ ಮೂಗು ಉರಿದು ಮಗು ಅದಕ್ಕೇ ಅಳುತ್ತದೆ. ದ್ರಾವಣ ಹುಳಿ ಗುಣದ್ದು. ಹುಳಿಯಲ್ಲಿರುವಾಗ ಅದು ನೀರಿನಲ್ಲಿ ಕರಗುವ ರೂಪದಲ್ಲಿರುತ್ತದೆ, ರಕ್ತಕ್ಕೆ ಸೇರಿದ ಮೇಲೆ ಅದರ ಅಣುವಿನ ಉಂಗುರ ಮುಚ್ಚಿಕೊಂಡು ಕೊಬ್ಬಿನಲ್ಲಿ ಕರಗುವ ರೂಪಕ್ಕೆ ತಿರುಗುತ್ತದೆ. ಮಿದುಳಿಗೆ ಅಷ್ಟು ಬೇಗ ನುಗ್ಗುವುದು ಅದಕ್ಕೇ. ನನಗೆ ಬಹಳ ಇಷ್ಟದ ಅಣು, ಕ್ಷಮಿಸಿ.

ಬೇರೆ ಮಂಪರು ಔಷಧಗಳೂ ಇವೆ. ಡೆಕ್ಸ್‌ಮೆಡಿಟೊಮಿಡಿನ್ ಮೂಗಿಗೆ ಹಾಕಿದರೆ ಉರಿಯುವುದಿಲ್ಲ, ಆದರೆ 30ರಿಂದ 45 ನಿಮಿಷ ಬೇಕು. ಕ್ಲೊನಿಡಿನ್ ಕುಡಿಸಿದರೆ ಒಂದರಿಂದ ಒಂದೂವರೆ ಗಂಟೆ. ಕೀಟಮಿನ್ ಸ್ನಾಯುವಿಗೆ ಚುಚ್ಚಿದರೆ ಮೂರರಿಂದ ಐದು ನಿಮಿಷ. ಸೂಜಿ ಚುಚ್ಚುವ ಜಾಗಕ್ಕೆ ಹಚ್ಚುವ ಮರಗಟ್ಟಿಸುವ ಕ್ರೀಮಿಗೂ ಒಂದು ಗಂಟೆ ಬೇಕು, ಅದನ್ನು ಐದು ನಿಮಿಷ ಮುಂಚೆ ಸವರುವುದು ಶಾಸ್ತ್ರಕ್ಕೆ ಮಾತ್ರ.

ಕುಡಿಸಿದ ಮಿಡಜೋಲಾಮ್‌ನಲ್ಲಿ ರಕ್ತಕ್ಕೆ ತಲುಪುವುದು ಸುಮಾರು ಮೂರನೆಯ ಒಂದು ಭಾಗ. ಉಳಿದದ್ದನ್ನು ಕರುಳು ಮತ್ತು ಯಕೃತ್ತು ದಾರಿಯಲ್ಲೇ ಮುಗಿಸಿಬಿಡುತ್ತವೆ. ಅದಕ್ಕೇ ಕುಡಿಸುವಾಗ ತೂಕದ ಕೆ.ಜಿ.ಗೆ 0.5 ಮಿಲಿಗ್ರಾಂ ಲೆಕ್ಕ, ರಕ್ತನಾಳಕ್ಕೆ ಕೊಡುವಾಗ ಅದರ ಹತ್ತನೆಯ ಒಂದು ಭಾಗದಿಂದ ಶುರು. ಎರಿಥ್ರೊಮೈಸಿನ್, ಕ್ಲಾರಿಥ್ರೊಮೈಸಿನ್ ಎಂಬ ಆಂಟಿಬಯೋಟಿಕ್‌ಗಳು, ಗ್ರೇಪ್‌ಫ್ರೂಟ್ ರಸ ಇವೆಲ್ಲ ಆ ಕಾವಲನ್ನು ತಡೆಯುತ್ತವೆ. ಆಗ ಅದೇ ಡೋಸ್ ಹೆಚ್ಚು ಗಾಢವಾಗಿ, ಹೆಚ್ಚು ಹೊತ್ತು ಕೆಲಸ ಮಾಡುತ್ತದೆ. ಮಗು ಯಾವ ಆಂಟಿಬಯೋಟಿಕ್ ತೆಗೆದುಕೊಳ್ಳುತ್ತಿದೆ ಎಂಬುದನ್ನು ತಪ್ಪದೆ ಹೇಳಿ.

ಅವಳಿಗಳ ತಾಯಿ
ಅಯ್ಯೋ, ನನ್ನ ಮಕ್ಕಳು ದಿನಾ ದ್ರಾಕ್ಷಿ ರಸ ಕುಡಿಯುತ್ತಾರೆ!

ಮಾತ್ರೆ ಲೆಕ್ಕ
ಗಾಬರಿ ಬೇಡ. ಗ್ರೇಪ್‌ಫ್ರೂಟ್ ಎಂದರೆ ದ್ರಾಕ್ಷಿಯಲ್ಲ, ಚಕ್ಕೋತದ ಬಳಗದ ಹಣ್ಣು. ಔಷಧದ ಚೀಟಿಯಲ್ಲೇ "ದ್ರಾಕ್ಷಿಹಣ್ಣು" ಎಂದು ಅನುವಾದಿಸಿದ್ದನ್ನು ನೋಡಿದ್ದೇನೆ.

ಮೂರು ಮಕ್ಕಳ ತಂದೆ
ಆಪರೇಷನ್‌ಗೆ ಮೊದಲು ಒಂದು ತೊಟ್ಟು ನೀರೂ ಕೊಡಬಾರದು ಎನ್ನುತ್ತಾರೆ, ಇವರೇ ಬಂದು ಸಿರಪ್ ಕುಡಿಸುತ್ತಾರೆ. ಇದು ಯಾವ ನ್ಯಾಯ?

ನಿದ್ದೆ ಡಾಕ್ಟರು
ಒಂದು ತೊಟ್ಟು ನೀರೂ ಬೇಡ ಎನ್ನುವುದು ಹಳೆಯ ಪಾಠ. ಗಟ್ಟಿ ಆಹಾರಕ್ಕೆ 6 ಗಂಟೆ, ಎದೆಹಾಲಿಗೆ 4, ತಿಳಿನೀರಿಗೆ 2 ಎಂಬುದು ಬಹುಕಾಲದ ಲೆಕ್ಕ. ಯುರೋಪಿನ ಅರಿವಳಿಕೆ ತಜ್ಞರ ಸಂಘ 2022ರ ಮಾರ್ಗಸೂಚಿಯಲ್ಲಿ ಮಕ್ಕಳಿಗೆ ಎದೆಹಾಲನ್ನು 3 ಗಂಟೆಗೂ ತಿಳಿದ್ರವವನ್ನು 1 ಗಂಟೆಗೂ ಇಳಿಸಿತು. ನಿಮ್ಮ ಆಸ್ಪತ್ರೆ ಯಾವುದನ್ನು ಪಾಲಿಸುತ್ತದೆಯೋ ಅದನ್ನೇ ಪಾಲಿಸಿ. ಕೆಲವೇ ಮಿಲಿಲೀಟರ್ ಸಿರಪ್ಪಿನಿಂದ ಹೊಟ್ಟೆ ತುಂಬುವುದಿಲ್ಲ.

ಗೊರಕೆ ಹುಡುಗಿಯ ಅಪ್ಪ
ನನ್ನ ಮಗಳಿಗೆ ಆರು ವರ್ಷ, ಟಾನ್ಸಿಲ್ ಮತ್ತು ಅಡೆನಾಯ್ಡ್ ತೆಗೆಸಬೇಕು. ರಾತ್ರಿ ಎಂಥ ಗೊರಕೆ ಎಂದರೆ ನಡುನಡುವೆ ಉಸಿರೇ ನಿಂತ ಹಾಗಾಗಿ ನಾನು ಎದ್ದು ಕುಳಿತುಬಿಡುತ್ತೇನೆ. ಇಂಥವರಿಗೂ ಇದನ್ನು ಕೊಡುತ್ತಾರೆಯೇ?

ನಿದ್ದೆ ಡಾಕ್ಟರು
ನೀವು ಈಗ ಇಲ್ಲಿ ಬರೆದದ್ದನ್ನು ಹೀಗೆಯೇ ನಿಮ್ಮ ಅರಿವಳಿಕೆ ತಜ್ಞರಿಗೆ ಹೇಳಿ, ವಿಶೇಷವಾಗಿ "ಉಸಿರು ನಿಂತ ಹಾಗೆ" ಎಂಬ ಮಾತನ್ನು. ಸಾಧ್ಯವಾದರೆ ರಾತ್ರಿ ಮೊಬೈಲಿನಲ್ಲಿ ಒಂದು ವಿಡಿಯೋ ಮಾಡಿಟ್ಟುಕೊಂಡು ತೋರಿಸಿ. ಇಂಥ ಮಕ್ಕಳಿಗೆ ಮಂಪರು ಔಷಧ ಕಡಿಮೆ ಮಾಡುತ್ತೇವೆ ಅಥವಾ ಕೊಡುವುದೇ ಇಲ್ಲ. ಕೊಟ್ಟರೂ ವಾರ್ಡಿನ ಮಂಚದಲ್ಲಲ್ಲ, ನಮ್ಮ ಕಣ್ಣೆದುರಿಗೆ.

ಸಂಶಯಪ್ಪ
ನೋಡಿ, ಇಷ್ಟೆಲ್ಲ ಅಪಾಯ ಇದೆ. ಅದರ ಬದಲು ತಾಯಿಯನ್ನೇ ಒಳಗೆ ಬಿಡಬಾರದೇ? ಕೈಗೆ ಒಂದು ಮೊಬೈಲ್ ಕೊಟ್ಟು ಆಟ ಹಚ್ಚಿದರೆ ಮಗು ತಾನಾಗಿ ಹೋಗುತ್ತದೆ.

ನಿದ್ದೆ ಡಾಕ್ಟರು
ಬಿಡುವ ಕಡೆ ಬಿಡುತ್ತಾರೆ. ಆದರೆ ತಾಯಿಯ ಮುಖದಲ್ಲಿ ಭಯ ಇದ್ದರೆ ಮಗು ಮೊದಲು ಓದುವುದು ಅದನ್ನೇ. ಅರಿವಳಿಕೆ ತಜ್ಞ ಜೀವ್ ಕೇನ್ ಮತ್ತು ಸಂಗಡಿಗರು 1998ರಲ್ಲಿ ತಂದೆತಾಯಿಯನ್ನು ಒಳಗೆ ಬಿಡುವುದು, ಮಂಪರು ಔಷಧ ಕೊಡುವುದು ಇವೆರಡನ್ನೂ ಹೋಲಿಸಿ ನೋಡಿದ್ದರು. ತಂದೆತಾಯಿ ಜೊತೆಗಿದ್ದ ಮಕ್ಕಳಿಗಿಂತ ಮಿಡಜೋಲಾಮ್ ಕುಡಿದ ಮಕ್ಕಳಲ್ಲಿ ಆತಂಕ ಕಡಿಮೆಯಿತ್ತು. ಮೊಬೈಲ್ ಆಟಕ್ಕೆ ನನ್ನ ವಿರೋಧವಿಲ್ಲ, ಕೆಲವು ಮಕ್ಕಳಿಗೆ ಅದೇ ಸಾಕು. ಔಷಧ ಕೊಟ್ಟ ಮೇಲೂ ಆಟ ಹಚ್ಚಿಡುತ್ತೇನೆ.

ಹಳೆಯ ರೋಗಿ
ತಾಯಿ ಒಳಗೆ ಹೋಗಿ ತಲೆ ತಿರುಗಿ ಬಿದ್ದರೆ? ನಮ್ಮ ಸೊಸೆ ಬಿದ್ದಳು. ಮಗುವಿಗೆ ಮಾಸ್ಕ್ ಇಟ್ಟ ಕೂಡಲೇ ಕಣ್ಣು ಮೇಲೆ ಹೋಗಿ ಕುತ್ತಿಗೆ ಜೋತು ಬಿತ್ತಂತೆ, ಅದನ್ನು ನೋಡಿಯೇ. ಆಮೇಲೆ ಅಲ್ಲಿ ಇಬ್ಬರು ರೋಗಿಗಳು.

ವಾರ್ಡ್ ಸಿಸ್ಟರ್
ಇದು ಆಗಾಗ ಆಗುತ್ತದೆ. ಅಪ್ಪಂದಿರೇ ಜಾಸ್ತಿ ಬೀಳುತ್ತಾರೆ, ಆದರೆ ಮನೆಗೆ ಹೋಗಿ ಹೇಳಿಕೊಳ್ಳುವುದಿಲ್ಲ.

ಒಂದು ಎಚ್ಚರಿಕೆ ಸೇರಿಸುತ್ತೇನೆ. ಕೆಲವು ಮಕ್ಕಳಿಗೆ ಮಿಡಜೋಲಾಮ್ ಉಲ್ಟಾ ಹೊಡೆಯುತ್ತದೆ. ಮಂಪರಿನ ಬದಲು ರಂಪ. ಒದೆಯುತ್ತವೆ, ಕಚ್ಚುತ್ತವೆ, ಯಾರನ್ನೂ ಹತ್ತಿರ ಬಿಟ್ಟುಕೊಳ್ಳುವುದಿಲ್ಲ. "ಸಾಲದಾಯಿತು, ಇನ್ನಷ್ಟು ಕೊಡಿ" ಎಂದು ಅಜ್ಜಿಯಂದಿರು ಗಂಟು ಬೀಳುತ್ತಾರೆ. ಕೊಡಬಾರದು. ಒಮ್ಮೆ ಹೀಗಾಗಿದ್ದರೆ ಮುಂದಿನ ಸಲ ಮೊದಲೇ ಹೇಳಿ, ಬೇರೆ ಔಷಧ ನೋಡುತ್ತಾರೆ.

ಪುಟ್ಟನ ಅಮ್ಮ
ನನ್ನ ಮಗನಿಗೆ ರಂಪ ಶುರುವಾದದ್ದು ಒಂದು ಗಂಟೆಯ ನಂತರ. ಹಾಗಾಗಿ ಅದು ಉಲ್ಟಾ ಅಲ್ಲ, ಇಳಿದದ್ದು ಎಂದುಕೊಳ್ಳುತ್ತೇನೆ. ಡಾಕ್ಟರೇ, ಹಾಗೆ ತಡವಾದಾಗ ಇನ್ನೊಂದು ಡೋಸ್ ಕೊಡಬಹುದಿತ್ತೇ?

ನಿದ್ದೆ ಡಾಕ್ಟರು
ನಿಮ್ಮ ಲೆಕ್ಕ ಸರಿ. ಕಣ್ಣಿಗೆ ಕಾಣುವ ಮಂಪರು ಇಳಿದಿದ್ದರೂ ಔಷಧ ಮೈಯಲ್ಲಿ ಇನ್ನೂ ಇರುತ್ತದೆ. ಮೇಲೆ ಇನ್ನೊಂದು ಪೂರ್ತಿ ಡೋಸ್ ಸುರಿದರೆ ಎರಡೂ ಕೂಡಿಕೊಂಡು ಉಸಿರು ಮಂದವಾಗಬಹುದು. ಹಾಗಾದಾಗ ಇಳಿಸಲು ಫ್ಲುಮಾಜೆನಿಲ್ ಎಂಬ ಪ್ರತಿಮದ್ದು ಇದೆ, ಆದರೆ ಅದರ ಪರಿಣಾಮ ಬೇಗ ಮುಗಿದು ಮಗು ಮತ್ತೆ ಮಂಪರಿಗೆ ಜಾರಬಹುದು. ತಡವಾದಾಗ ನಾನಾಗಿದ್ದರೆ ವಾರ್ಡಿಗೆ ಬಂದು ಮಗುವನ್ನು ನೋಡಿ ತೀರ್ಮಾನಿಸುತ್ತಿದ್ದೆ. ಫೋನಿನಲ್ಲಿ ಹೇಳುವ ಕೆಲಸ ಅಲ್ಲ ಅದು.

ನಿಮಗೊಂದು ಉಪಾಯ. ಈ ಸಲ ಪಟ್ಟಿಯಲ್ಲಿ ಮೊದಲನೆಯ ಕೇಸಾಗಿ ಹಾಕಲು ಕೇಳಿಕೊಳ್ಳಿ. ಇಡೀ ದಿನದಲ್ಲಿ ಹೊತ್ತು ನಿಗದಿಯಾಗಿ ಗೊತ್ತಿರುವುದು ಆ ಒಂದು ಕೇಸಿಗೇ.

ಮೂರು ಮಕ್ಕಳ ತಂದೆ
ವಿಷಯ ಬಿಟ್ಟು ಒಂದು ಮಾತು. ಮಂಪರಿನಲ್ಲಿ ಮಕ್ಕಳು ಸತ್ಯ ಹೇಳುತ್ತಾರೆಯೇ? ನನ್ನ ಎರಡನೆಯವನ ಕೈಗೆ ಪ್ಲೇಟ್ ಹಾಕಿಸಿದಾಗ ಔಷಧ ಏರಿದ್ದೇ ತಡ, ಅಜ್ಜನ ಕನ್ನಡಕ ಮುರಿದವರು ಯಾರು ಎಂಬುದನ್ನು ವಾರ್ಡಿಗೆಲ್ಲ ಸಾರಿದ. ಸಂಜೆ ಕೇಳಿದರೆ "ನಾನು ಹೇಳೇ ಇಲ್ಲ" ಎಂದು ಆಣೆ ಮಾಡಿದ.

ಮಾತ್ರೆ ಲೆಕ್ಕ
ಆಣೆ ಸುಳ್ಳಲ್ಲ. ಕುಡಿಸಿ ಹತ್ತು ನಿಮಿಷ ಆದದ್ದೇ ಅದು ಹೊಸ ನೆನಪು ಕೂಡಿಕೊಳ್ಳದಂತೆ ಮಾಡುತ್ತದೆ. ಹಳೆಯದೆಲ್ಲ ಇರುತ್ತದೆ, ಆ ಹೊತ್ತಿನದು ಅಳಿಸಿಹೋಗುತ್ತದೆ. ಕನ್ನಡಕದ ಮಾತು ನಿಜವಾಗಿತ್ತೇ?

ಮೂರು ಮಕ್ಕಳ ತಂದೆ
ಮುರಿದವನು ನಾನೇ. ಅದಕ್ಕೇ ಕೇಳಿದ್ದು.

ಪುಟ್ಟನ ಅಮ್ಮ
ಐದು ವಾರದ ನಂತರ ಮತ್ತೆ ಬಂದಿದ್ದೇನೆ. ಎಡಗಡೆಯದೂ ನಿನ್ನೆ ಆಯಿತು.

ಹಿಂದಿನ ದಿನ ನೋಡಲು ಬಂದ ಅರಿವಳಿಕೆ ಡಾಕ್ಟರಿಗೆ ಹೋದ ಸಲದ 8.20 ಮತ್ತು 9.50ರ ಕಥೆ ಹೇಳಿದೆ. ಅವರು ಬೇಸರ ಮಾಡಿಕೊಳ್ಳಲಿಲ್ಲ. ಹಳೆಯ ಕೇಸ್ ಶೀಟ್ ತರಿಸಿ ನೋಡಿ, ಮೊದಲನೆಯ ಕೇಸ್ ಆಗುವುದಿಲ್ಲ, ಪಟ್ಟಿಯಲ್ಲಿ ಎರಡು ತಿಂಗಳ ಕೂಸೊಂದಿದೆ, ಅದು ಮೊದಲು ಹೋಗಬೇಕು ಎಂದರು. ನಾನೂ ಹೂಂ ಎಂದೆ. ಶೀಟಿನಲ್ಲಿ "ಕರೆದಾಗ ಕೊಡಿ" ಎಂದು ಬರೆದು ಕೆಳಗೆ ಗೆರೆ ಎಳೆದರು.

ಫೋನ್ ಬಂದದ್ದು 9.35ಕ್ಕೆ. ಸಿಸ್ಟರ್ ಸಿರಿಂಜ್ ತಂದರು. ಇವನಿಗೆ ರುಚಿಯ ನೆನಪು ಇತ್ತೆಂದು ಕಾಣುತ್ತದೆ, ಅರ್ಧ ನುಂಗಿ ಅರ್ಧವನ್ನು ಫೂ ಎಂದು ಅವರ ತೋಳಿನ ಮೇಲೆ ಉಗಿದ. ಮತ್ತೆ ಕೊಡಿ ಎಂದು ನಾನೇ ಹೇಳಲಿದ್ದೆ. ಎಷ್ಟು ಒಳಗೆ ಹೋಗಿದೆ ಎಂದು ಗೊತ್ತಿಲ್ಲದೆ ಇನ್ನೊಮ್ಮೆ ಕೊಡುವ ಹಾಗಿಲ್ಲ, ಡಾಕ್ಟರಿಗೆ ಹೇಳುತ್ತೇನೆ ಎಂದರು. ಅರ್ಧವೇ ಸಾಕಾಯಿತು. ಈ ಸಲ ಎರಡು ಮೂಗು ಇಲ್ಲ, ಸುಮ್ಮನೆ ನನ್ನ ಬಳೆ ಎಣಿಸುತ್ತಾ ಕುಳಿತಿದ್ದ, ಮೂರಾದ ಮೇಲೆ ಮತ್ತೆ ಒಂದರಿಂದ. 10 ಗಂಟೆಗೆ ಡಾಕ್ಟರೇ ಬಂದು ಕೈ ಚಾಚಿದರು, ಇವನು ಅವರ ಸೊಂಟಕ್ಕೆ ದಾಟಿಕೊಂಡ. ಹಿಂತಿರುಗಿ ನೋಡಲಿಲ್ಲ. ಅದಕ್ಕೂ ನನಗೆ ಸ್ವಲ್ಪ ಬೇಜಾರಾಯಿತು ಎಂದರೆ ನಗಬೇಡಿ.

ಮಧ್ಯಾಹ್ನ ಪೂರ್ತಿ ಎಚ್ಚರವಾದ ಮೇಲೆ, ಹೊಟ್ಟೆಯ ಮೇಲೆ ಪಟ್ಟಿ ಅಂಟಿಸಿಕೊಂಡು ಮಲಗಿದ್ದವನು "ಇನ್ನೂ ಎಷ್ಟು ಹೊತ್ತಮ್ಮಾ, ಯಾವಾಗ ಕರೆಯುತ್ತಾರೆ?" ಎಂದು ಕೇಳಿದ.

ವಾರ್ಡ್ ಸಿಸ್ಟರ್
ಮೊದಲ ಫೋನ್ ಬಂದಿತ್ತು ಎಂದಾಯಿತು. ಆ ಥಿಯೇಟರ್ ಸಿಸ್ಟರಿಗೆ ನನ್ನ ನಮಸ್ಕಾರ. ತೋಳು ಒದ್ದೆ ಮಾಡಿಕೊಂಡವರಿಗೂ.

ಸಂಶಯಪ್ಪ
ಅಂತೂ ಅಳಲೇ ಇಲ್ಲವೇ?

ಪುಟ್ಟನ ಅಮ್ಮ
ಅತ್ತ. ಎದ್ದ ಮೇಲೆ, ಹಸಿವಿಗೆ.